ಎರಡೂಕಾಲಿನ ಬಸ್ಸು ತಡವಾದ ದಿನಗಳು

ಫೆಬ್ರವರಿ ಎಂಟು, ಭಾನುವಾರ. ಮಧ್ಯಾಹ್ನ ಎರಡು ಗಂಟೆ ಹದಿನೈದು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಈ ಹೊತ್ತನ್ನು ಬೇಕೆಂದೇ ಆರಿಸಿಕೊಂಡೆ. ಒಂದು ಕಾಲದಲ್ಲಿ ನಮ್ಮ ಮನೆಯೆದುರು ಬಸ್ಸು ಬರಬೇಕಾಗಿದ್ದ ಹೊತ್ತು ಇದು. ಜಗಲಿಯ ಕಂಬಕ್ಕೆ ಒರಗಿ ಕೂತರೆ ಕೆಳಗಿನ ತಿರುವಿನವರೆಗೂ ರಸ್ತೆ ಕಾಣುತ್ತದೆ. ಕೂತ ಮೇಲೆ ಎರಡು ಸ್ಕೂಟರ್, ಒಂದು ಕಾರು, ಹುಲ್ಲು ಹೇರಿಕೊಂಡ ಒಂದು ಟೆಂಪೊ ಹೋದವು. ಅಮ್ಮ ಒಳಗೆ ಹೊಲಿಗೆ ಮೆಷಿನ್ ತುಳಿಯುತ್ತಿದ್ದಾಳೆ. ಟೆಂಪೊ ಬಂದಾಗ ಮಾತ್ರ ಮೆಷಿನ್ ನಿಂತಿತು. ದೊಡ್ಡ ಗಾಡಿಯ ಸದ್ದು ಕೇಳಿದರೆ ಅವಳ ಕಾಲು ಈಗಲೂ ನಿಲ್ಲುತ್ತದೆ.

ನಮ್ಮ ಊರು ವಂಡ್ಸೆಯಿಂದ ಒಳಗೆ ಐದು ಕಿಲೋಮೀಟರ್. ರಸ್ತೆ ನಮ್ಮ ಮನೆ ದಾಟಿ ಇನ್ನೂ ಸ್ವಲ್ಪ ದೂರ ಹೋಗಿ ಅಲ್ಲೇ ಮುಗಿಯುತ್ತದೆ. ಆಗ ಕುಂದಾಪುರದಿಂದ ದಿನಕ್ಕೆ ಮೂರು ಸಲ ಬಸ್ಸು ಬರುತ್ತಿತ್ತು: ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲವೂ ಕಡೆಯ ಸ್ಟಾಪಿಗೆ ಹೋಗಿ ತಿರುಗಿಸಿಕೊಂಡು, ಇಪ್ಪತ್ತು ನಿಮಿಷದಲ್ಲಿ ಮತ್ತೆ ನಮ್ಮ ಮನೆ ಮುಂದೆ ಹಾದು ಕುಂದಾಪುರಕ್ಕೆ ಹೋಗುತ್ತಿತ್ತು. ಮಧ್ಯಾಹ್ನದ್ದಕ್ಕೆ ಊರಿನವರು ಇಟ್ಟ ಹೆಸರು ಎರಡೂಕಾಲಿನ ಬಸ್ಸು. ಎಷ್ಟೋ ದಿನ ಅದು ಎರಡೂಕಾಲಿಗೆ ಬರುತ್ತಿರಲಿಲ್ಲ. ಆದರೂ ಯಾರೂ ಹೆಸರು ಬದಲಿಸಲಿಲ್ಲ.

ಪಿಯುಸಿಯ ಎರಡು ವರ್ಷ ನಾನು ಕುಂದಾಪುರದ ಕಾಲೇಜಿನಿಂದ ಆ ಬಸ್ಸಿನಲ್ಲೇ ಮನೆಗೆ ಬರುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ತಿಂದದ್ದು, ಹೆಮ್ಮಾಡಿ ದಾಟುವ ಹೊತ್ತಿಗೆ ಹಸಿವಿನಿಂದ ತಲೆ ಬಿಸಿಯಾಗಿರುತ್ತಿತ್ತು. ಬಸ್ಸಿನ ಯಜಮಾನರಿಗೆ ಒಂದು ದೂರು ಬರೆಯಬೇಕೆಂದು ನಿರ್ಧರಿಸಿದೆ. ದೂರು ಬರೆಯುವವರು ಲೆಕ್ಕ ಇಟ್ಟಿರಬೇಕು ಎಂದು ನಮ್ಮ ಲೆಕ್ಚರರ್ ಒಬ್ಬರು ಹೇಳಿದ್ದರು. ಹಾಗಾಗಿ ಹಸಿರು ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೂರು ಕಾಲಂ ಮಾಡಿಕೊಂಡೆ: ತಾರೀಕು, ಬಸ್ಸು ನಮ್ಮ ಸ್ಟಾಪಿಗೆ ಬಂದ ಗಂಟೆ, ಎಷ್ಟು ನಿಮಿಷ ತಡ. ಸರಿಯಾದ ಹೊತ್ತಿಗೆ ಬಂದ ದಿನ ಏನೂ ಬರೆಯುತ್ತಿರಲಿಲ್ಲ. ಆ ದಿನ ದೂರುವುದಕ್ಕೆ ಏನಿತ್ತು?

ದೂರು ಬರೆಯಲೇ ಇಲ್ಲ. ಪುಸ್ತಕ ಮಾತ್ರ ಎರಡು ವರ್ಷ ನಡೆಯಿತು.

ನಾನು ಬಸ್ಸಿನಿಂದ ಇಳಿದು ಬರುವಾಗ ಜಗಲಿಯಲ್ಲಿ ಅಮ್ಮನ ಜೊತೆ ಮೀನಿನಕ್ಕ ಕೂತಿರುತ್ತಿದ್ದರು. ಅವರ ಮನೆ ಗಂಗೊಳ್ಳಿ. ಬೆಳಗಾಗುವ ಮುಂಚೆ ಬಂದರಿನಲ್ಲಿ ಮೀನು ತೆಗೆದುಕೊಂಡು, ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ, ನಮ್ಮೂರಿನ ಬೆಳಗಿನ ಬಸ್ಸಿನಲ್ಲಿ ಕಡೆಯ ಸ್ಟಾಪಿಗೆ ಹೋಗಿ ಇಳಿಯುತ್ತಿದ್ದರು. ಅಲ್ಲಿಂದ ಮನೆಮನೆಗೆ ಮಾರುತ್ತ ಕೆಳಗೆ ನಡೆದು ಬರುವವರಿಗೆ ನಮ್ಮದು ಕೊನೆಯ ಮನೆ. ಬುಟ್ಟಿ ಖಾಲಿಯಾಗಿ ಹಿಂದಿರುಗಬೇಕಾದದ್ದು ಎರಡೂಕಾಲಿಗೆ ಬಂದು ತಿರುಗಿ ಹೋಗುವ ಆ ಬಸ್ಸಿನಲ್ಲೇ. ಅಲ್ಲಿಯವರೆಗೆ ನಮ್ಮ ಜಗಲಿ.

ಇಬ್ಬರೂ ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆಯುತ್ತಿದ್ದರು. ಯಾರು ದೊಡ್ಡವರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಮೀನಿನಕ್ಕ ನಮಗೆಂದು ಉಳಿಸಿದ ನಾಲ್ಕು ಬಂಗುಡೆಯನ್ನು ಮೆಟ್ಟುಗತ್ತಿಯಲ್ಲಿ ತಾವೇ ಕೊಯ್ದು ಕೊಡುತ್ತಿದ್ದರು. ಅಮ್ಮ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದಳು. ಇಬ್ಬರ ಕೈಗೂ ಕೆಲಸ, ಇಬ್ಬರ ಕಣ್ಣೂ ರಸ್ತೆಯ ಮೇಲೆ, ಮಾತು ಮಾತ್ರ ತನ್ನಷ್ಟಕ್ಕೆ ನಡೆಯುತ್ತಿತ್ತು. ದೋಣಿ ಹೋಗದ ದಿನಗಳ ಕಷ್ಟ, ಸೊಸೆಯ ಸಿಟ್ಟು, ನಮ್ಮ ಅಪ್ಪ ಮಾತು ಬಿಟ್ಟ ದಾಯಾದಿಯ ಸುದ್ದಿ. ಹೊರಡುವಾಗ ಅಮ್ಮ ಅವರ ಖಾಲಿ ಬುಟ್ಟಿಗೆ ಒಂದು ಕಟ್ಟು ಬಸಳೆ ಹಾಕುತ್ತಿದ್ದಳು.

ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ಅಮ್ಮ ನನ್ನನ್ನು ನೋಡಿ, “ಇಷ್ಟ್ ಬೇಗ ಬಂತಾ?” ಎಂದು ಕೇಳುತ್ತಿದ್ದಳು. ತಮಾಷೆ ಎಂದುಕೊಂಡು ಊಟಕ್ಕೆ ಒಳಗೆ ಹೋಗುತ್ತಿದ್ದೆ.

ಕೊರೊನಾ ಬಂದಾಗ ಮೂರೂ ಬಸ್ಸು ನಿಂತವು. ಆಮೇಲೆ ಬೆಳಗಿನದು ಬಂತು, ಸಂಜೆಯದು ಬಂತು. ಮಧ್ಯಾಹ್ನದ್ದು ಬರಲಿಲ್ಲ. ಜನ ಇಲ್ಲ ಎಂದರು. ಅದು ಸುಳ್ಳಲ್ಲ. ನಮ್ಮ ಸ್ಟಾಪಿನಲ್ಲಿ ಹತ್ತಿ ಇಳಿಯುತ್ತಿದ್ದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಆ ಹೊತ್ತಿಗೆ ಸ್ಕೂಟರ್ ತೆಗೆದುಕೊಂಡಿದ್ದರು. ಏಳನೆಯವಳು ನಾನು. ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಸಿಕ್ಕ ಮೂರನೇ ತಿಂಗಳು ಸ್ಕೂಟರ್ ತಂದೆ. ಡೈರಿಯಲ್ಲಿ ಅವತ್ತಿನ ಪುಟದ ಕೆಳಗೆ ಹೀಗಿದೆ: ಇನ್ನು ಬಸ್ಸು ಕಾಯಬೇಕಾಗಿಲ್ಲ.

ಮೀನಿನಕ್ಕ ಒಂದು ತಿಂಗಳು ಸಂಜೆಯ ಬಸ್ಸಿಗೆ ಕಾದು ನೋಡಿದರು. ಬೆಳಗಿನ ಜಾವ ಮೂರಕ್ಕೆ ಎದ್ದವರಿಗೆ ಆಗುವ ಮಾತಲ್ಲ ಅದು. ಬೇರೆ ಬಸ್ಸು ಸಿಗುವ ವಂಡ್ಸೆಯವರೆಗೆ ನಡೆಯಲು ಮಂಡಿ ಬಿಡಲಿಲ್ಲ. ರಿಕ್ಷಾದವರು ಮೀನಿನ ಬುಟ್ಟಿ ಹತ್ತಿಸುವುದಿಲ್ಲ. ಆಮೇಲೆ ಅವರು ಬರುವುದು ನಿಂತಿತು. ಈಗ ಹೆಮ್ಮಾಡಿ ಪೇಟೆಯಲ್ಲಿ ರಸ್ತೆಬದಿ ಕೂತು ಮಾರುತ್ತಾರೆ. ನಮ್ಮೂರಿಗೆ ಮೈಕು ಕಟ್ಟಿಕೊಂಡ ಗಾಡಿಯಲ್ಲಿ ಮೀನು ಬರುತ್ತದೆ. ಆ ಗಾಡಿ ಒಂದು ಮನೆಯ ಮುಂದೆ ನಿಲ್ಲುವುದು ಹೆಚ್ಚೆಂದರೆ ಎರಡು ನಿಮಿಷ.

ದಿನವೂ ಹೆಮ್ಮಾಡಿ ದಾಟಿ ಹೋಗುವವಳು ನಾನೇ ಆದ್ದರಿಂದ ಇಬ್ಬರ ನಡುವೆ ಸಾಮಾನು ಒಯ್ಯುವ ಕೆಲಸ ನನಗೆ ಬಂತು. ಕಳೆದ ಒಂದು ವರ್ಷದಲ್ಲಿ ಅಮ್ಮನಿಂದ ಅವರಿಗೆ ಬಸಳೆ ನಲವತ್ತೊಂದು ಕಟ್ಟು, ಅವರಿಂದ ಅಮ್ಮನಿಗೆ ಮೀನು ಮೂವತ್ತೆಂಟು ಸಲ. ಮಾತು ಒಯ್ಯಲು ನನಗೆ ಬರುವುದಿಲ್ಲ. “ಅಕ್ಕ ಹ್ಯಾಂಗಿತ್ರ್?” ಎಂದು ಅವರು ಕೇಳುತ್ತಾರೆ, ಚೆನ್ನಾಗಿದ್ದಾಳೆ ಎನ್ನುತ್ತೇನೆ. ಮನೆಯಲ್ಲಿ ಅಮ್ಮ ಅದನ್ನೇ ಕೇಳುತ್ತಾಳೆ, ಚೆನ್ನಾಗಿದ್ದಾರೆ ಎನ್ನುತ್ತೇನೆ. ಫೋನ್ ಹಚ್ಚಿ ಕೊಟ್ಟರೆ ಇಬ್ಬರೂ ಸಮುದ್ರದಾಚೆಗೆ ಕೇಳಬೇಕೆನ್ನುವ ಹಾಗೆ ಕೂಗಿ, ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಾರೆ. ಒಂದು ನಿಮಿಷ ಹನ್ನೆರಡು ಸೆಕೆಂಡು, ಅವರ ಅತಿ ಉದ್ದದ ಕರೆ.

ಕಳೆದ ನವೆಂಬರಿನ ಒಂದು ಭಾನುವಾರ ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೆಮ್ಮಾಡಿಗೆ ಕರೆದುಕೊಂಡು ಹೋದೆ. ಹೊಸ ಸೀರೆ ಉಟ್ಟಿದ್ದಳು. ಮೀನಿನಕ್ಕನ ಮುಖ ಅರಳಿತು, ಕುಳಿತಲ್ಲಿಂದಲೇ ಅಮ್ಮನ ಕೈ ಹಿಡಿಯಲು ಹೋಗಿ, ಕೈ ಮೀನಿನದು ಎಂದು ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಗಿರಾಕಿಗಳು ಬಂದರು. ಅಮ್ಮ ಪಕ್ಕಕ್ಕೆ ನಿಂತಳು. ಮತ್ತೆ ಯಾರೋ ಬಂದರು, ಇನ್ನೂ ಪಕ್ಕಕ್ಕೆ ನಿಂತಳು. ಒಬ್ಬ ಹೆಂಗಸು ಅಮ್ಮನನ್ನು, ಚೌಕಾಸಿ ಮುಗಿಯದಿದ್ದರೆ ದಾರಿ ಬಿಡಿ ಎಂದು ಗದರಿದಳು. ಇಪ್ಪತ್ತು ನಿಮಿಷ ನಿಂತು, ಬಸಳೆ ಕೊಟ್ಟು, ಮೀನು ತೆಗೆದುಕೊಂಡು ಬಂದೆವು. ದಾರಿಯಲ್ಲಿ ಅಮ್ಮ ಹೇಳಿದ್ದು ಒಂದೇ, ಅಲ್ಲಿ ಕೂರಲು ಜಾಗವಿಲ್ಲ ಎಂದು. ಆಮೇಲೆ ನಾನು ಕರೆದಾಗಲೂ ಬರಲಿಲ್ಲ.

ಜನವರಿಯ ಗ್ರಾಮಸಭೆಯಲ್ಲಿ ಬಸ್ಸಿನ ವಿಷಯವಿದೆ ಎಂದು ಗೊತ್ತಾದಾಗ ಅದಕ್ಕೇ ಹಸಿರು ಪುಸ್ತಕವನ್ನು ಹುಡುಕಿ ತೆಗೆದೆ. ಪಂಚಾಯತಿನ ಸಭಾಂಗಣದಲ್ಲಿ ಐವತ್ತಾರು ಮಂದಿ ಇದ್ದರು. ಹೆಂಗಸರು ಇಪ್ಪತ್ತಮೂರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಂತೆ, ನಮ್ಮ ರಸ್ತೆಗೆ ಸರ್ಕಾರಿ ಬಸ್ಸೇ ಇಲ್ಲವಲ್ಲ ಎಂದು ಅವರಲ್ಲಿ ಕೆಲವರು ಕೇಳಿದರು. ಸಾರಿಗೆ ಇಲಾಖೆಯಿಂದ ಬಂದಿದ್ದವರು ಸಮಾಧಾನದಿಂದ ಉತ್ತರಿಸಿದರು. ಹಳೆಯ ಬಸ್ಸು ಮತ್ತೆ ಬರಬೇಕಾದರೂ, ಸರ್ಕಾರಿ ಬಸ್ಸು ಕೇಳಬೇಕಾದರೂ, ಆ ಹೊತ್ತಿಗೆ ಬಸ್ಸು ಕ್ರಮವಾಗಿ ಓಡುತ್ತಿತ್ತು, ಜನ ಅದನ್ನು ನೆಚ್ಚಿಕೊಂಡಿದ್ದರು ಎಂದು ತೋರಿಸಬೇಕು. ದಾಖಲೆ ಏನಾದರೂ ಇದೆಯೇ ಎಂದು ಕೇಳಿದರು.

ನಾನು ಎದ್ದು ನಿಂತೆ. ಎರಡು ವರ್ಷದ ಲೆಕ್ಕ ಇದೆ ಎಂದೆ. ಸಭೆ ನನ್ನತ್ತ ತಿರುಗಿ ನೋಡಿದ್ದು ನನಗೆ ಹೆಮ್ಮೆಯೆನಿಸಿತು.

ಬಸ್ಸಿನ ಯಜಮಾನರ ಪರವಾಗಿ ಒಬ್ಬರು ಬಂದಿದ್ದರು. ಹಿಂದೆ ಅದೇ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ಈಗ ಆಫೀಸು ನೋಡಿಕೊಳ್ಳುವವರು. ಪುಸ್ತಕ ಅವರ ಕೈಗೇ ಮೊದಲು ಹೋಯಿತು. ಕನ್ನಡಕ ಹಾಕಿಕೊಂಡು ಎರಡು ಪುಟ ನೋಡಿದವರು ಮೈಕ್ ಹತ್ತಿರ ಎಳೆದುಕೊಂಡರು.

“ಹ್ವಾಯ್, ಇಲ್ಲ್ ಕೇಣಿ. ಹದ್ನೆಂಟ್ ನಿಮಿಷ ತಡ. ಇಪ್ಪತ್ತ್ ನಿಮಿಷ ತಡ. ಒಂಬತ್ತ್ ನಿಮಿಷ ತಡ. ಐವತ್ತೈದ್ ನಿಮಿಷ, ಟಯರ್ ಪಂಚರ್. ಒಂದ್ ದಿನವೂ ಸಮ ಬರ್ಲಿಲ್ಲೆ ಅಂದೇಳಿ ನಿಮ್ಮ ಹೆಣ್ಣೇ ಬರ್ದಿತ್. ಇಷ್ಟ್ ಕೆಟ್ಟ್ ಬಸ್ ನಿಮ್ಗೆ ಮತ್ತೆ ಎಂತಕೆ ಮಾರಾಯ್ರೆ?”

ಇಡೀ ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ, ಅದು ತಡವಾಗುತ್ತಿದ್ದುದರಿಂದಲೇ ತನಗೆ ಸಿಗುತ್ತಿತ್ತು ಎಂದಾಗ ನಗು ಇನ್ನೂ ಹೆಚ್ಚಾಯಿತು. ಸರಿಯಾಗಿ ಬಂದ ದಿನಗಳನ್ನು ನಾನು ಬರೆದೇ ಇಲ್ಲ ಎಂದು ಹೇಳಲು ಹೋದೆ. ಬರೆಯದೆ ಇದ್ದದ್ದನ್ನು ಯಾರಿಗೆ ತೋರಿಸುವುದು? ಕಿವಿ ಬಿಸಿಯಾಗಿ ಕೂತುಬಿಟ್ಟೆ.

ಆಗ ನನ್ನ ಪಕ್ಕ ಕೂತಿದ್ದ ಅಮ್ಮ ಎದ್ದಳು. ಅವಳು ಯಾವ ಗ್ರಾಮಸಭೆಯಲ್ಲೂ ಮಾತಾಡಿದವಳಲ್ಲ. ಮೈಕಿನ ಹತ್ತಿರವೂ ಹೋಗಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಲ್ಲಿಂದಲೇ ಹೇಳಿದಳು.

“ತಡ ಆಯ್ಲಿ. ಬಪ್ಪುದೊಂದ್ ಇದ್ರೆ ಸಾಕ್. ನಾವ್ ಕೂಕಂಡ್ ಕಾಯ್ತೊ.”

ನಗು ನಿಂತಿತು. ಇಲಾಖೆಯವರು ಪುಸ್ತಕವನ್ನು ಮರಳಿ ಕೊಡುತ್ತ, ಇದೊಂದರಿಂದ ಆಗುವುದಿಲ್ಲ, ಆದರೆ ಬಿಡಬೇಡಿ ಎಂದರು. ಬಸ್ಸು ಸಮಯಕ್ಕೆ ಓಡಿದ ದಿನಗಳ ಆಧಾರ, ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಿದ್ದರು ಎಂಬ ಪಟ್ಟಿ, ಈಗ ಯಾರಿಗೆ ಬೇಕು ಎಂಬ ಸಹಿ, ಇಷ್ಟನ್ನು ಮಾರ್ಚ್ ಮುಗಿಯುವುದರೊಳಗೆ ಕೊಟ್ಟರೆ ಮುಂದೆ ಕಳಿಸುತ್ತೇವೆ ಎಂದರು. ಚಹಾ ಕುಡಿಯುವಾಗ ಆಫೀಸಿನವರೂ ಹತ್ತಿರ ಬಂದರು. ಬೇಸರ ಮಾಡಿಕೊಳ್ಳಬೇಡಿ ತಂಗಿ, ನಗಿಸಲು ಹೇಳಿದೆ ಎಂದರು. ಪ್ರತಿ ಓಡಾಟದ ಹೊತ್ತು ಬರೆದಿಡುತ್ತಿದ್ದ ಆ ಕಾಲದ ಟ್ರಿಪ್ ಶೀಟುಗಳು ಆಫೀಸಿನಲ್ಲಿ ಉಳಿದಿಲ್ಲ, ಕಂಡಕ್ಟರ್ ಇಟ್ಟುಕೊಂಡಿದ್ದರೆ ಉಂಟು, ಅವನು ಕೆಲಸ ಬಿಟ್ಟು ಬ್ರಹ್ಮಾವರದ ಕಡೆ ಹೋಗಿದ್ದಾನೆ, ಎಲ್ಲಿ ಎಂದು ತಿಳಿಯದು ಎಂದರು.

ಅವತ್ತು ಸಂಜೆ ಅಮ್ಮ ಆ ಪುಸ್ತಕವನ್ನು ಓದು ಎಂದಳು. ನಾಚಿಕೆಯಾಗಿ ಬೇಡವೆಂದೆ. ಬಿಡಲಿಲ್ಲ. ಜಗಲಿಯಲ್ಲಿ ಕೂತು ಓದಿದೆ. ಆಗಸ್ಟ್ ಹತ್ತೊಂಬತ್ತು, ಮೂವತ್ತೆರಡು ನಿಮಿಷ ಎಂದೆ. ಅವಳು ಹುಕ್ಕು ಹಾಕುವುದನ್ನು ನಿಲ್ಲಿಸಿ, ಅದು ಮೀನಿನಕ್ಕ ಮಗಳ ಮದುವೆ ಮಾತು ತೆಗೆದ ದಿನವಿರಬೇಕು ಎಂದಳು. ಬಸ್ಸು ಸಮಯಕ್ಕೆ ಬಂದಿದ್ದರೆ ಅವರು ಹೇಳದೆ ಹೋಗಿಬಿಡುತ್ತಿದ್ದರಂತೆ. ಟಯರ್ ಪಂಚರ್ ಆದ ಐವತ್ತೈದು ನಿಮಿಷ ಎಂದೆ. ಅವಳು ರವಿಕೆಯನ್ನು ಮಡಚಿ ಪಕ್ಕಕ್ಕಿಟ್ಟಳು.

“ಅವತ್ತ್ ನಾನ್ ಮರ್ಕಿದ್ದೆ,” ಎಂದಳು. ಅತ್ತಿದ್ದಳಂತೆ. ಯಾಕೆ ಎಂದು ನಾನು ಕೇಳಿದೆ. “ಅದ್ ಅವ್ರಿಗ್ ಗೊತ್ತಿತ್.”

ಅದೇ ಐವತ್ತೈದು ನಿಮಿಷ ನಾನು ವಂಡ್ಸೆಯ ಹತ್ತಿರ ರಸ್ತೆಬದಿಯಲ್ಲಿ ನಿಂತು ಕಂಡಕ್ಟರನಿಗೆ ಗಡಿಯಾರ ತೋರಿಸಿ ಜಗಳವಾಡುತ್ತಿದ್ದೆ. ನನ್ನ ಬಸ್ಸಿನೊಳಗೆ ಹಾಳಾದ ಒಂದೊಂದು ನಿಮಿಷವೂ ಈ ಜಗಲಿಯಲ್ಲಿ ಅವರಿಬ್ಬರಿಗೆ ಹೆಚ್ಚುವರಿಯಾಗಿ ಸಿಕ್ಕಿತ್ತು. ಆಮೇಲೆ ಒಬ್ಬಳೇ ಕೂತು ಕೂಡಿಸಿದೆ. ನೂರಮೂವತ್ತೊಂದು ದಿನ, ಒಟ್ಟು ಸಾವಿರದ ಎಂಟುನೂರ ಮೂವತ್ತನಾಲ್ಕು ನಿಮಿಷ. ಅಂದರೆ ಮೂವತ್ತು ಗಂಟೆ ಮೂವತ್ತನಾಲ್ಕು ನಿಮಿಷ. ಎರಡು ಸಲ ಕೂಡಿಸಿ ನೋಡಿದೆ, ಅಷ್ಟೇ ಬಂತು. ಅದು ನನ್ನ ದೂರಿನ ಮೊತ್ತ ಎಂದು ತಿಳಿದಿದ್ದೆ.

ಈಗ ಮೂರೂವರೆ. ಬಸ್ಸಿರುತ್ತಿದ್ದರೆ, ಎಷ್ಟೇ ತಡವಾಗಿದ್ದರೂ ಇಷ್ಟು ಹೊತ್ತಿಗೆ ಹೋಗಿಯಾಗಿರುತ್ತಿತ್ತು. ಸಹಿಗಳು ಅರವತ್ತೆರಡು ಆಗಿವೆ. ಅರವತ್ತೆರಡನೆಯದು ಹೆಮ್ಮಾಡಿಯಲ್ಲಿ, ಮೀನಿನ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ಹಾಕಿದ್ದು. ಆದರೂ ಕಾಗದದ ಮೇಲೆ ಮೀನಿನ ವಾಸನೆ ಉಳಿದಿದೆ. ಇರಲಿ.

ನನ್ನ ಹತ್ತಿರ ಇಲ್ಲದಿರುವುದು ಬಸ್ಸು ಸರಿಯಾಗಿ ಬಂದ ದಿನಗಳು. ಕೊರೊನಾಕ್ಕೆ ಮೊದಲಿನ ವರ್ಷಗಳಲ್ಲಿ ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ ದಾರಿಯಾಗಿ ಎರಡೂಕಾಲಿಗೆ ನಮ್ಮೂರಿಗೆ ಬರುತ್ತಿದ್ದ ಆ ಬಸ್ಸಿನಲ್ಲಿ ನೀವು ಹತ್ತಿದ್ದರೆ, ಯಾವ ಸ್ಟಾಪಿನಲ್ಲಿ, ಎಷ್ಟು ಗಂಟೆಗೆ ಎಂದು ನೆನಪಿದ್ದಷ್ಟು ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಹಳೆಯ ಟಿಕೆಟು ಪುಸ್ತಕದ ನಡುವೆ ಸಿಕ್ಕಿಕೊಂಡಿದ್ದರೆ ಅದೂ ಆಗುತ್ತದೆ. ಆ ಬಸ್ಸಿನ ಕಂಡಕ್ಟರ್ ಬ್ರಹ್ಮಾವರದಲ್ಲೋ ಬೈಂದೂರಿನಲ್ಲೋ ಎಲ್ಲೇ ಇದ್ದು ಇದನ್ನು ಓದಿದರೆ, ಟ್ರಿಪ್ ಶೀಟುಗಳನ್ನು ಎಸೆಯದೆ ಇಟ್ಟಿದ್ದೀರಾ ಎಂದು ದಯವಿಟ್ಟು ತಿಳಿಸಿ. ಗಡಿಯಾರ ತೋರಿಸಿ ಜಗಳವಾಡುತ್ತಿದ್ದವಳು ನಾನೇ.