ಕೇಳಸ್ತೈತಿ, ತಿಳಿಯಂಗಿಲ್ಲ

ಬೆಂಗಳೂರಿನ ದೊಡ್ಡನೆಕ್ಕುಂದಿಯ ನಮ್ಮ ಕಿವಿ ಪರೀಕ್ಷೆಯ ಕ್ಲಿನಿಕ್‌ಗೆ ಅವರು ಎರಡನೇ ಸಲ ಬಂದಾಗ ಹೆಂಡತಿಯೂ ಜೊತೆಗಿದ್ದರು. ಬಾಗಲಕೋಟೆ ಕಡೆಯವರು. ಆತ ಹತ್ತಿರದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದರು. ಎರಡು ತಿಂಗಳ ಹಿಂದೆ ನಾನೇ ಅವರ ಕಿವಿ ಪರೀಕ್ಷಿಸಿ, ಕೇಳಿಸುವುದು ಸ್ವಲ್ಪವೇ ಕಮ್ಮಿ ಇದೆ, ಚಿಂತೆ ಬೇಡ ಎಂದು ಬರೆದುಕೊಟ್ಟಿದ್ದೆ. ಅಂದು ಸದ್ದಿಲ್ಲದ ಕೋಣೆಯಲ್ಲಿ ಸಾಕಷ್ಟು ಮೆಲ್ಲಗಿನ ಸದ್ದುಗಳಿಗೂ ಅವರು ಗುಂಡಿ ಒತ್ತಿದ್ದರು.

"ನೀವು ಕೊಟ್ಟ ಕಾಗದ ಸೂಪರ್‌ವೈಸರ್‌ಗೆ ತೋರ್ಸಿದ್ರಂತ್ರೀ ಮೇಡಂ," ಎಂದರು ಹೆಂಡತಿ. "ಕಿವಿ ಚಲೋ ಐತಿ, ಬೇಕಂತ ಕೇಳಸ್ದಂಗ ಮಾಡ್ತಾನ ಅಂದಾರ. ಎಲ್ಲಾರ ಮುಂದ."

ಆತ ನೆಲ ನೋಡುತ್ತ ಕೂತಿದ್ದರು. "ಕೇಳಸ್ತೈತ್ರೀ. ಖರೆ, ಮಷಿನ್ ಚಾಲೂ ಇದ್ದಾಗ ಏನಂದ್ರು ಅಂತ ತಿಳಿಯಂಗಿಲ್ಲ. ಆವತ್ತೂ ನಿಮ್ಗ ಇದನ್ನ ಹೇಳಿದ್ದೆ."

ಹೇಳಿದ್ದರು. ನಾನದನ್ನು ಬರೆದುಕೊಳ್ಳದೆ ಮುಂದಿನವರನ್ನು ಕರೆದಿದ್ದೆ.

ಈ ಸಲ ಬೇರೆ ಪರೀಕ್ಷೆಗೆ ಕೂರಿಸಿದೆ. ಹೆಡ್‌ಫೋನ್‌ನಲ್ಲಿ ಸುಯ್ಯೆನ್ನುವ ಗದ್ದಲ, ಅದರೊಳಗೆ ಶಿಳ್ಳೆಯಂಥ ಒಂದು ನಾದ. ಆಮೇಲೆ ಗದ್ದಲದಿಂದ ಆ ನಾದದ ಅಕ್ಕಪಕ್ಕದ ಆವರ್ತನಗಳನ್ನಷ್ಟೇ ತೆಗೆದು ಜಾಗ ಬಿಡುತ್ತೇವೆ. ಸದ್ದುಗಳನ್ನು ಬೇರ್ಪಡಿಸಬಲ್ಲ ಕಿವಿಗೆ ಆಗ ಸಣ್ಣ ನಾದವೂ ಸಿಗುತ್ತದೆ. ಅವರಿಗೆ ಆ ಜಾಗವನ್ನು ಎಷ್ಟು ಅಗಲಿಸಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ; ನಾದವನ್ನು ಜೋರು ಮಾಡಿದರಷ್ಟೇ ಸಿಗುತ್ತಿತ್ತು. ಗಾಜಿನಾಚೆ ಕಣ್ಣು ಮುಚ್ಚಿ, ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಮುಗಿಯುವ ಹೊತ್ತಿಗೆ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು.

"ಫೇಲಾದ್ನೇನ್ರೀ?"

"ಇಲ್ಲ ಅಣ್ಣ. ನೀವು ಹೇಳಿದ್ದು ನಿಜ. ನಾನೇ ಅವತ್ತು ಪೂರ್ತಿ ನೋಡ್ಲಿಲ್ಲ. ತಪ್ಪಾಯ್ತು."

ಕಂಪ್ಯೂಟರ್ ಪರದೆಯ ಗೆರೆಗಳನ್ನು ತೋರಿಸಿ ವಿವರಿಸಲು ಹೊರಟೆ. ಹೆಂಡತಿಗೆ ನನಗಿಂತ ಬೇಗ ಹೊಳೆಯಿತು. "ಜರಡಿ ಹರಿದಂಗ ಏನ್ರೀ? ಹಿಟ್ಟು, ತೌಡು ಎಲ್ಲಾ ಕೂಡೇ ಬೀಳ್ತೈತಿ."

"ಹೌದಕ್ಕ, ಹಾಗೇ. ಮಾತು, ಮಷಿನ್ ಸದ್ದು ಎರಡೂ ಕಲಸಿ ಹೋಗುತ್ತೆ."

ಆಕೆ ಗಂಡನ ಕಡೆ ತಿರುಗಿದರು. ದನಿ ತಗ್ಗಿತ್ತು. "ನಾನೂ ಅಡಗಿ ಮನ್ಯಾಗ ಮಿಕ್ಸರ್ ಹಚ್ಚಿ ಅಲ್ಲಿಂದನ ಒದರಿ ಒದರಿ, ನಿಮ್ಗ ಸೊಕ್ಕು ಬಂದೈತಿ ಅನ್ಕೊಂಡಿದ್ದೆ."

ಆತ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು.

ಶ್ರವಣ ಸಾಧನದಿಂದ ತುಸು ಅನುಕೂಲವಾಗಬಹುದು, ಪೂರ್ತಿ ಸರಿಹೋಗದು ಎಂದು ಮುಚ್ಚಿಡದೆ ಹೇಳಿದೆ. ಹೊಸ ಕಾಗದ ಬರೆದೆ: ಇವರು ಸುಳ್ಳು ಹೇಳುತ್ತಿಲ್ಲ; ಮಷಿನ್ ನಿಲ್ಲಿಸಿ ಮಾತಾಡಿ, ಇಲ್ಲವೇ ಬರೆದುಕೊಡಿ; ಪ್ರೆಸ್ ಬಿಟ್ಟು ಸದ್ದು ಕಮ್ಮಿಯಿರುವ ಕೆಲಸ ಕೊಟ್ಟರೆ ಒಳ್ಳೆಯದು. ಸೂಪರ್‌ವೈಸರ್‌ಗೆ ನಾನೇ ಫೋನೂ ಮಾಡಿದೆ. ಅವರು ಮೊದಲು ನಂಬಲಿಲ್ಲ. ಎರಡನೇ ಸಲ ಮಾಡಿದಾಗ ಸುಮ್ಮನೆ ಕೇಳಿಸಿಕೊಂಡರು.

ಕೆಲವು ತಿಂಗಳಾದ ಮೇಲೆ ಗಂಡ ಹೆಂಡತಿ ಮತ್ತೆ ಬಂದರು. ಆತನನ್ನು ತಗಡು ತಪಾಸಣೆಯ ವಿಭಾಗಕ್ಕೆ ಹಾಕಿದ್ದರಂತೆ. ಮನೆಯಲ್ಲಿ ಹೇಗಿದೆ ಎಂದು ಕೇಳಿದೆ.

"ಜಗಳ ಏನ್ ನಿಂತಿಲ್ರೀ," ಆಕೆ ನಕ್ಕರು. "ಈಗ ಮಿಕ್ಸರ್ ಬಂದ್ ಮಾಡಿ, ಎದುರಿಗೆ ನಿಂತು ಆಡ್ತೀವಿ."