ಎಡಚಿ ಹಾಕದ ಸಹಿ

ಕೆಲಸಕ್ಕೆ ಬಂದ ಮೊದಲ ದಿನವೇ ಅವಳು ಬಾಗಿಲ ಮೇಲಿನ ಉಗಿ ಕೊಳವೆಗೆ ಹಣೆ ಬಡಿಸಿಕೊಂಡಳು. ನಮ್ಮ ಆಸ್ಪತ್ರೆಯ ಬಟ್ಟೆ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಅಷ್ಟೆತ್ತರದ ಹೆಂಗಸು ಅಲ್ಲಿಗೆ ಬಂದಾಳೆಂದು ಕಟ್ಟಿಸಿದವರು ಯಾರೂ ಎಣಿಸಿರಲಿಲ್ಲ. ಹಣೆ ಉಜ್ಜಿಕೊಳ್ಳುತ್ತಾ, "ಇದು ದಿನಾ ಇಲ್ಲೇ ಇರುತ್ತಾ ಅಕ್ಕಾ?" ಎಂದು ಕೇಳಿದಳು. "ಕೊಳವೆ ಎಲ್ಲಿಗೂ ಹೋಗಲ್ಲಮ್ಮಾ, ನೀನೇ ಬಗ್ಗೋದು ಕಲೀಬೇಕು" ಎಂದೆ. ಆಗ ಅವಳು ನಕ್ಕ ರೀತಿ ನನಗೆ ವಿಚಿತ್ರವೆನಿಸಿತು. ಆ ಮಾತು ಅವಳಿಗೆ ಎಲ್ಲಿ ತಾಗಿತ್ತೆಂದು ತಿಳಿಯಲು ನನಗೆ ಅರ್ಧ ವರ್ಷವೇ ಬೇಕಾಯಿತು.

ನಾನು ಆ ಕೋಣೆಯ ಮೇಲ್ವಿಚಾರಕಿ. ವಾರ್ಡುಗಳ ಹಾಸು, ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಪಕ್ಕದ ಕೋಣೆಯಲ್ಲಿ ಒಗೆದು ಒಣಗಿ, ಇನ್ನೂ ಬಿಸಿಯಾಗಿರುವಾಗಲೇ ನಮ್ಮ ಮೇಜಿಗೆ ಬಂದು ಬೀಳುತ್ತವೆ. ದೊಡ್ಡ ಹಾಸನ್ನು ಇಬ್ಬರು ಎದುರುಬದುರು ನಿಂತು ಮಡಚಬೇಕು. ಅವಳೊಡನೆ ಮಡಚಲು ನಿಂತರೆ ನನ್ನ ಕೈ ಒಂದು ಕಡೆಗೆ ಹೋದರೆ ಅವಳದು ಇನ್ನೊಂದು ಕಡೆಗೆ. ಎಡಚಿ! ಮನೆಯಲ್ಲೂ ಅವಳನ್ನು ಹಾಗೇ ಕರೆಯುತ್ತಿದ್ದರಂತೆ, ಆಟದ ತಂಡದಲ್ಲೂ ಹಾಗೇ. ನಮ್ಮಲ್ಲೂ ಅದೇ ಹೆಸರು ನಿಂತಿತು.

ತಂಡದ ವಿಷಯ ಅವಳಾಗಿ ಬಾಯಿ ಬಿಡಲಿಲ್ಲ. ಒಂದು ದಿನ ಮೂರನೇ ಮಹಡಿಯ ನರ್ಸಮ್ಮ ದಿಂಬಿನ ಚೀಲ ಕಡಿಮೆ ಬಂದಿದೆಯೆಂದು ಜಗಳಕ್ಕೆ ಇಳಿದು ಬಂದವಳು, ಇವಳನ್ನು ನೋಡಿ ಜಗಳವನ್ನೇ ಮರೆತಳು. "ನೀವು ವಾಲಿಬಾಲ್ ಲೀಗ್‌ನಲ್ಲಿ ಆಡ್ತಿದ್ದೋರಲ್ವಾ? ಕೈ ಹಿಂದೆ ಕಟ್ಕೊಂಡು ನಿಂತ್ಕೊಂಡಿದ್ರಲ್ಲ, ಆ ಹುಡುಗೀರಲ್ಲಿ ಒಬ್ರು?"

ಎಡಚಿ ಕೈಯಲ್ಲಿದ್ದ ಹಾಸನ್ನು ಪೂರ್ತಿ ಮಡಚಿಟ್ಟು, "ಹೌದು" ಎಂದಳು. ಆಮೇಲೆ ಎಷ್ಟೋ ದಿನಗಳ ಕಾಲ, ಮಡಚುತ್ತಾ ಮಡಚುತ್ತಾ, ಅಷ್ಟಷ್ಟಾಗಿ ನನಗೆ ಎಲ್ಲ ಹೇಳಿದಳು.

ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳ ಮೇಲೆ ಅಳತೆ ಕೋಲಿನಿಂದ ಏಟು ಬೀಳುತ್ತಿತ್ತು. ಶಾಲೆಯಲ್ಲಿ ಮಾತ್ರ ಪಿ.ಟಿ. ಟೀಚರ್ ಒಬ್ಬರು, ಗಿಡ್ಡಗೆ, ಗಟ್ಟಿ ದನಿಯವರು, ಇವಳು ಚೆಂಡು ಮುಟ್ಟಿದ್ದನ್ನು ನೋಡಿ ಸೀಟಿ ಊದಿ ಆಟ ನಿಲ್ಲಿಸಿದರಂತೆ. "ಇನ್ನೊಂದ್ಸಲ ಮಾಡೇ, ಈಗ ಮಾಡಿದ್ದನ್ನ. ಎಡಗೈ ಅಂತ ಯಾಕೆ ಮುದುಡ್ಕೋತೀಯ? ನೆಟ್ ಹತ್ರ ಅದು ಚಿನ್ನ ಕಣೇ!"

ವಾಲಿಬಾಲಿನಲ್ಲಿ ಸೆಟ್ಟರ್ ಎಂದರೆ ಚೆಂಡನ್ನು ಎತ್ತಿಕೊಡುವವಳು. ಹೊಡೆಯುವವಳು ಬೇರೆ. ಚಪ್ಪಾಳೆ ಸಿಗುವುದು ಹೊಡೆದವಳಿಗೆ. ಎಡಚಿ ಎತ್ತಿಕೊಟ್ಟರೆ ಹೊಡೆಯುತ್ತಿದ್ದವಳು ಅದೇ ಶಾಲೆಯ, ಒಂದು ವರ್ಷ ದೊಡ್ಡ ಹುಡುಗಿ. ಮುಂದೆ ಇಬ್ಬರೂ ನಗರದ ತಂಡಕ್ಕೆ ಸೇರಿ ಸಂಬಳದ ಆಟಗಾರ್ತಿಯರಾದರು. ದೊಡ್ಡವಳು ಕ್ಯಾಪ್ಟನ್ ಆದಳು, ಗೋಡೆಗಳ ಮೇಲೆ ಅವಳ ಚಿತ್ರ ಬಂತು. ಎಡಚಿಯ ಚಿತ್ರ ಎಲ್ಲಿಯೂ ಬರಲಿಲ್ಲ, ಬೇಕೆಂದು ಅವಳಿಗೂ ಅನಿಸಲಿಲ್ಲ. "ಅವಳು ಎಲ್ಲಿದ್ದಾಳೆ ಅಂತ ನಾನು ನೋಡ್ತಾನೇ ಇರ್ಲಿಲ್ಲ ಅಕ್ಕಾ. ಬೆನ್ನ ಹಿಂದೆ ಅವಳ ಹೆಜ್ಜೆ ಕೇಳೋದು. ಬೆರಳಿಂದ ಚೆಂಡು ಬಿಟ್ಟ ಮೇಲೆ ಒಂದು ಚೂರು ಹೊತ್ತು ಸುಮ್ಮನಿರುತ್ತೆ ನೋಡಿ, ಆಮೇಲೆ ಢಬ್ ಅಂತ ಏಟು. ಆ ಚೂರು ಹೊತ್ತಿಗೋಸ್ಕರಾನೇ ನಾನು ಆಡ್ತಿದ್ದಿದ್ದು."

ಅವಳಿಗೆ ಇಪ್ಪತ್ತಾರಾಗಿದ್ದಾಗ, ಮೆರವಣಿಗೆಗೆ ಹೋದವರನ್ನು ವಿಚಾರಣೆಯಿಲ್ಲದೆ ಎಷ್ಟು ದಿನ ಬೇಕಾದರೂ ಕೂಡಿಹಾಕಬಹುದೆಂಬ ಕಾನೂನು ಬಂತು. ಬೀದಿ ಗುಡಿಸುವವರ ಮೆರವಣಿಗೆಯಲ್ಲಿ ನಡೆದರೆಂದು ಪಿ.ಟಿ. ಟೀಚರನ್ನೂ ಹಿಡಿದುಕೊಂಡು ಹೋದರು. ಯಾವ ಜೈಲಿನಲ್ಲಿದ್ದಾರೆಂದೂ ಹೇಳಲಿಲ್ಲ.

ಮುಂದಿನ ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಪ್ಟನ್ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಾ ಹೇಳಿದಳು: "ಮೊದಲ ಸರ್ವ್‌ಗೆ ಮುಂಚೆ ಒಂದು ನಿಮಿಷ ನಾನು ಕೈ ಹಿಂದೆ ಕಟ್ಕೊಂಡು ನಿಂತ್ಕೋತೀನಿ. ಬೇಡಿ ಹಾಕಿದ ಹಾಗೆ. ಯಾರಿಗೆ ಬೇಕೋ ಅವರು ನಿಂತ್ಕೊಳ್ಳಿ, ಬೇಡದೋರು ಬೇಡ."

ಐದು ಜನ ನಿಂತರು. ರೆಫರಿ ಸೀಟಿ ಊದಿದ, ಮತ್ತೆ ಊದಿದ. ಟಿವಿಯವರು ತಡಬಡಿಸಿ ಸೋಪಿನ ಜಾಹೀರಾತು ಹಾಕಿದರಂತೆ. ಜನ ಮೊದಲು ಗುಸುಗುಸು ಎಂದರು, ಆಮೇಲೆ ಮೇಲಿನ ಸಾಲುಗಳಲ್ಲಿ ಕೆಲವರು ತಾವೂ ಎದ್ದು ಕೈ ಹಿಂದೆ ಕಟ್ಟಿದರು, ಇನ್ನು ಕೆಲವರು ಬಾಯಿಗೆ ಬಂದಂತೆ ಬೈದರು. "ಭಯ ಆಗ್ಲಿಲ್ವಾ?" ಎಂದು ಕೇಳಿದೆ. "ಮೂಗು ತುರಿಸ್ತಿತ್ತು ಅಕ್ಕಾ. ಕೈ ಬಿಡೋ ಹಾಗಿಲ್ಲ. ಆ ಒಂದು ನಿಮಿಷ ನನ್ನ ತಲೇಲಿ ಇದ್ದದ್ದು ಅದೊಂದೇ."

ಲೀಗಿನವರು ಮೂರು ದಿನ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕನೇ ದಿನ ಎಲ್ಲ ತಂಡಗಳಿಗೂ ಸುತ್ತೋಲೆ ಬಂತು: ಅಂಕಣ ಆಟಕ್ಕೆ ಮಾತ್ರ. ಐವರೂ ಮತ್ತೆ ನಿಂತರು. ಈ ಸಲ ದಂಡ ಬಿತ್ತು. ಮೂರನೇ ಸಲ ನಿಂತಾಗ ಹಣ ಹಾಕುವ ಕಂಪನಿಗಳು ಮುಖ ಗಂಟಿಕ್ಕಿದವು, ಮೇಲಿನಿಂದ ಫೋನು ಬಂತು, ಲೀಗಿನ ಕಚೇರಿ ಐವರನ್ನೂ ಒಬ್ಬೊಬ್ಬರಾಗಿ ಕರೆಸಿತು. ಅದೇ ವಾರ ಎಲ್ಲ ತಂಡಗಳಿಗೂ ಹೊಸ ಅಂಗಿ ಹಂಚಿದ್ದರು. ಎದೆಯ ಮೇಲೆ 'ನಾವೆಲ್ಲರೂ ಒಂದೇ ತಂಡ' ಎಂದು ಬರೆದಿತ್ತು.

ಕಚೇರಿಯಲ್ಲಿ ತಂಡದ ಮ್ಯಾನೇಜರ್, ಒಬ್ಬ ವಕೀಲ, ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ. ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಅವಳ ಹೆಬ್ಬೆರಳು ಮುರಿದಾಗ ತನ್ನ ಕಾರಿನಲ್ಲೇ ಡಾಕ್ಟರ ಬಳಿ ಕರೆದೊಯ್ದವನು.

"ಇಲ್ಲೊಂದು ಸಹಿ ಹಾಕಮ್ಮ, ಸಂಜೆ ಪ್ರಾಕ್ಟೀಸಿಗೆ ಹೋಗು. ಕ್ಯಾಪ್ಟನ್ ಹಾಕಿದ್ದಾಯ್ತು. ಉಳಿದ ಮೂವರೂ ಹಾಕಿದ್ರು."

ಅವಳು ಓದಿದಳು. ಇನ್ನು ಮುಂದೆ ಹಾಗೆ ನಿಲ್ಲುವುದಿಲ್ಲ ಎಂಬ ಸಾಲಿತ್ತು. ಅದರ ಕೆಳಗೆ, ನಾನು ಮಾಡಿದ್ದು ತಪ್ಪು, ಅದಕ್ಕೆ ವಿಷಾದಿಸುತ್ತೇನೆ ಎಂದಿತ್ತು.

"ಸರ್, ಇನ್ಮೇಲೆ ನಿಲ್ಲಲ್ಲ ಅನ್ನೋದಕ್ಕೆ ಸಹಿ ಹಾಕ್ತೀನಿ. ತಪ್ಪು ಅನ್ನೋ ಸಾಲು ಮಾತ್ರ ಹೊಡೆದು ಹಾಕಿ."

ಮ್ಯಾನೇಜರ್ ವಕೀಲನ ಮುಖ ನೋಡಿದ. ವಕೀಲ ಆಗದೆಂದು ತಲೆಯಾಡಿಸಿದ. "ಎಲ್ಲರಿಗೂ ಒಂದೇ ಹಾಳೆ."

"ಹಾಗಾದ್ರೆ ನನ್ನ ಕೈಲಾಗಲ್ಲ ಸರ್. ಟೀಚರ್ ಹೊರಗೆ ಬಂದು ಕೇಳಿದ್ರೆ ನಾನು ಏನು ಹೇಳ್ಲಿ?"

"ಒಂದು ಸಾಲಿಗೆ ಯಾಕಮ್ಮಾ ಇಷ್ಟು ಹಟ?"

"ಒಂದೇ ಸಾಲಲ್ವಾ ಸರ್, ನೀವೇ ತೆಗೀಬಹುದಲ್ಲ."

ಅವಳನ್ನು ಯಾರೂ ತಂಡದಿಂದ ಹೊರಗೆ ಹಾಕಲಿಲ್ಲ. ಹಾಕಿದ್ದರೆ ಪತ್ರಿಕೆಯವರಾದರೂ ಬರೆಯುತ್ತಿದ್ದರು. ಆಡುವವರ ಪಟ್ಟಿಯಲ್ಲಿ ಹೆಸರು ಬರುವುದು ನಿಂತಿತು, ಅಷ್ಟೆ. ಸೀಸನ್ ಮುಗಿಯಿತು, ಒಪ್ಪಂದವೂ ಮುಗಿಯಿತು. ಬೇರೆ ತಂಡಗಳವರು ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದರು, ನೋಡೋಣ ಎನ್ನುತ್ತಿದ್ದರು. ಕ್ಯಾಪ್ಟನ್ ಎರಡು ಸಲ ಮನೆಗೆ ಬಂದಳು. ಎರಡು ಸಲವೂ ಎಡಚಿ ಒಳಗಿದ್ದುಕೊಂಡೇ ಅಮ್ಮನಿಂದ ಇಲ್ಲವೆಂದು ಹೇಳಿಸಿದಳು.

ಎರಡು ವರ್ಷ ಅವಳು ಕಾದಳು. ಬೆಳಗ್ಗೆ ಎದ್ದು ಓಡುವುದು, ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಎತ್ತಿ ಎತ್ತಿ ಕೊಡುವುದು. "ಗೋಡೆ ಹಾಗೇ ವಾಪಸ್ ಕೊಡುತ್ತೆ ಅಕ್ಕಾ. ಹೊಡೆಯೋದು ಅದಕ್ಕೆ ಗೊತ್ತಿಲ್ಲ" ಎಂದಳು ಒಮ್ಮೆ. ಹೊಲಿಗೆ ಯಂತ್ರದ ಮುಂದೆ ಕೂತು ಅಮ್ಮ ಏನೂ ಅನ್ನುತ್ತಿರಲಿಲ್ಲವಂತೆ. ಚೆಂಡಿನ ಹೊಲಿಗೆ ಬಿಟ್ಟಾಗ ಮಾತ್ರ, ಕೇಳದೆಯೇ, ಗಟ್ಟಿ ದಾರ ಪೋಣಿಸಿ ಹೊಲಿದುಕೊಟ್ಟರು.

ಟೀಚರ್ ಹದಿನಾಲ್ಕು ತಿಂಗಳಾದ ಮೇಲೆ ಬಿಡುಗಡೆಯಾದರು. ಎಡಚಿ ನೋಡಲು ಹೋದಳು. ಟೀಚರ್ ಬಾಗಿಲು ತೆಗೆದವರೇ ಮೊದಲು ಅವಳ ಮೊಣಕಾಲು ನೋಡಿದರು.

"ಯಾವ ಕಾಲೇ?"

"ಏನು ಟೀಚರ್?"

"ಯಾವ ಕಾಲಿಗೆ ಪೆಟ್ಟಾಗಿದ್ದು?"

ಜೈಲಿನಲ್ಲಿ ಪತ್ರಿಕೆ ಕೊಡುತ್ತಿದ್ದರಂತೆ. ಆದರೆ ಸುದ್ದಿಯ ಪುಟಗಳನ್ನು ಕತ್ತರಿಸಿ, ಆಟದ ಪುಟವನ್ನು ಮಾತ್ರ. ಕೈ ಹಿಂದೆ ಕಟ್ಟಿ ನಿಂತ ಸುದ್ದಿ ಆಟದ ಪುಟದಲ್ಲಿ ಬಂದಿರಲಿಲ್ಲ. ಟೀಚರ್‌ಗೆ ಕಂಡದ್ದು ಸ್ಕೋರಿನ ಪಟ್ಟಿಗಳಷ್ಟೇ. ಒಂದು ವಾರದಿಂದ ಮುಂದಕ್ಕೆ ಅದರಲ್ಲಿ ಎಡಚಿಯ ಹೆಸರಿರಲಿಲ್ಲ. ಮೊಣಕಾಲು ಹೋಗಿರಬೇಕೆಂದುಕೊಂಡು, ಒಳಗೆ ಕೂತು ಅವಳ ಮೊಣಕಾಲಿಗಾಗಿ ಮರುಗಿದ್ದರು. ನಿಜ ಸಂಗತಿ ಕೇಳಿದಾಗ ಅವರಿಗೆ ಬಂದದ್ದು ಸಿಟ್ಟು.

"ಸಹಿ ಹಾಕಿ ಆಡಬೇಕಿತ್ತು ನೀನು! ನಾನು ದಿನಾ ನಿನ್ನ ಹೆಸರು ಹುಡುಕ್ತಿದ್ದೆ ಕಣೇ. ಅದೊಂದೇ ಇತ್ತು ನನಗೆ ಓದೋಕೆ." ಹೀಗೆ ಬೈದವರು ಸ್ವಲ್ಪ ಹೊತ್ತಿನ ಮೇಲೆ ಅವಳ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಅದಾದ ಕೆಲವು ತಿಂಗಳಿಗೆ ಅವಳು ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು.

ಐದು ವರ್ಷ ಹೋಯಿತು. ಸರ್ಕಾರ ಬದಲಾಯಿತು, ಆ ಕಾನೂನನ್ನು ರದ್ದು ಮಾಡಿದರು. ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಇನ್ನೊಬ್ಬಳು ಎತ್ತರದವಳು ನಿಂತಿದ್ದಳು. ಕೊಳವೆಗೆ ಅವಳದೂ ಹಣೆ ಬಡಿಯಿತು. ಟಿವಿಯಲ್ಲಿ ಪಂದ್ಯದ ವಿವರಣೆ ಹೇಳುವವಳೆಂದು ನನಗೆ ಮುಖದ ಗುರುತು ಸಿಕ್ಕಿತು. ಕ್ಯಾಪ್ಟನ್.

"ಲೀಗಿನವರು ನಮ್ಮ ಐವರಿಗೂ ಸನ್ಮಾನ ಮಾಡ್ತಾರಂತೆ. ಕರೆಯೋಕೆ ಬಂದೆ" ಎಂದಳು.

"ಫೋನ್ ಮಾಡಬಹುದಿತ್ತಲ್ಲ" ಎಂದಳು ಎಡಚಿ.

"ಎತ್ತುತ್ತಿದ್ದೆಯಾ?"

"ಇಲ್ಲ."

ಇಬ್ಬರೂ ನಕ್ಕರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಹರಿದ ಹಾಸುಗಳನ್ನು ಬೇರ್ಪಡಿಸುವವಳಂತೆ ಅಲ್ಲೇ ತಲೆ ತಗ್ಗಿಸಿ ಕೂತೆ.

"ಒಂದ್ಸಲ ಬೈಯೇ" ಎಂದಳು ಕ್ಯಾಪ್ಟನ್. "ಸಹಿ ಹಾಕಿದ್ದಕ್ಕೆ. ಏಳು ವರ್ಷದಿಂದ ಕಾಯ್ತಿದ್ದೀನಿ."

"ಬೈಯೋಕೆ ಏನಿದೆ? ನಿಮ್ಮಪ್ಪ ಹಾಸಿಗೆ ಹಿಡಿದಿದ್ರು, ತಂಗೀರಿಬ್ಬರು ಓದ್ತಿದ್ರು. ನಾನು ನಿನ್ನ ಜಾಗದಲ್ಲಿದ್ದಿದ್ರೆ ಪೆನ್ನನ್ನ ನಾನೇ ಕೇಳಿ ಇಸ್ಕೊಳ್ತಿದ್ದೆ." ಎಡಚಿ ಮಡಚಿದ್ದ ಹಾಸನ್ನೇ ಬಿಚ್ಚಿ ಮತ್ತೆ ಮಡಚಿದಳು. "ನನಗೆ ತಡೆಯೋಕಾಗದೆ ಇದ್ದದ್ದು ಅದಲ್ಲ ಕಣೇ. ಬೇರೆಯವಳು ಎತ್ತಿಕೊಟ್ಟ ಚೆಂಡು ಹೊಡೀತಿದ್ದೆಯಲ್ಲ. ಟಿವಿ ಹಾಕಿದ್ರೆ ಅದೇ. ಅದಕ್ಕೇ ನಿನ್ನ ಮುಖ ನೋಡ್ಲಿಲ್ಲ."

ಕ್ಯಾಪ್ಟನ್ ಕೊಳವೆ ತಾಗಿದ್ದ ಹಣೆಯನ್ನು ಉಜ್ಜಿಕೊಂಡಳು. ಆಮೇಲೆ, "ಆ ಹುಡುಗಿ ಚೆಂಡನ್ನ ಯಾವಾಗ್ಲೂ ಒಂದು ಗೇಣು ಕೆಳಗೆ ಕೊಡ್ತಿದ್ಲು" ಎಂದಳು. "ನಾನು ನೆಲ ಬಿಡೋ ಮುಂಚೆ ಪ್ರತಿಸಲ ನೀನೇ ಕೊಡ್ತೀಯ ಅಂತ ಅಂದ್ಕೋತಿದ್ದೆ."

ಸನ್ಮಾನಕ್ಕೆ ನಾನೂ ಹೋದೆ. ಟೀಚರ್ ನನ್ನ ಪಕ್ಕದಲ್ಲೇ ಕೂತಿದ್ದರು. ಪಂದ್ಯಕ್ಕೆ ಮುಂಚೆ ದೀಪಗಳನ್ನು ಮಂಕು ಮಾಡಿ, ಐವರು ನಿಂತಿದ್ದ ಹಳೆಯ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಲೀಗಿನ ಅಧ್ಯಕ್ಷರು, "ಅಂದೂ ಇಂದೂ ನಾವು ನಮ್ಮ ಆಟಗಾರ್ತಿಯರ ಬೆನ್ನಿಗೆ ನಿಂತಿದ್ದೇವೆ" ಎಂದರು. ಟೀಚರ್ ಗಂಟಲಲ್ಲಿ ಏನೋ ಶಬ್ದ ಮಾಡಿದರು. ಐವರಿಗೂ ಗಾಜಿನ ಫಲಕ ಕೊಟ್ಟು, ಒಂದೆರಡು ಮಾತಾಡಿ ಎಂದು ಮೈಕು ಹಿಡಿದರು. ಉಳಿದವರು ಧನ್ಯವಾದ ಹೇಳಿದರು. ಎಡಚಿ ಮೈಕಿಗೆ ಬಗ್ಗಿ, ಅಧ್ಯಕ್ಷರ ಕಡೆಗೆ ತಿರುಗಿ ಹೇಳಿದಳು:

"ಸರ್, ನನಗೆ ಈಗ ಮೂವತ್ತಮೂರು. ನನ್ನ ಮೊಣಕಾಲು ಚೆನ್ನಾಗಿವೆ. ನನಗೆ ಇನ್ನೂ ಆಡೋಕಾಗುತ್ತೆ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇದೇ ನೋಡಿ ಹುಮ್ಮಸ್ಸು ಅಂದ್ರೆ!" ಎಂದು ಅಧ್ಯಕ್ಷರು ಅವಳ ಭುಜ ತಟ್ಟಿದರು. ಕ್ಯಾಪ್ಟನ್ ಒಬ್ಬಳೇ ಮುಖ ಆಚೆ ತಿರುಗಿಸಿಕೊಂಡಳು.

ಹೊರಗೆ ಕಾರಿಡಾರಿನಲ್ಲಿ ಎಡಚಿ ನನ್ನನ್ನು ಕೇಳಿದಳು: "ನಾನು ಕೇಳಿದ್ದು ಅವರಿಗೆ ತಿಳೀಲಿಲ್ಲ ಅನ್ಸುತ್ತೆ, ಅಲ್ವಾ ಅಕ್ಕಾ?"

ನಾನೂ ಚಪ್ಪಾಳೆ ತಟ್ಟಿದ್ದೆ.

ಲೀಗಿನವರು ಆಮೇಲೆ ಕಾಗದ ಬರೆದರು. ಶಾಲೆಗಳಿಗೆ ಹೋಗಿ ಮಾತಾಡುವ, ಫೋಟೋಗೆ ನಿಲ್ಲುವ ಕೆಲಸ. ಅವಳು ಒಲ್ಲೆನೆಂದಳು. ಕ್ಯಾಪ್ಟನ್ ಈಗ ವಾರಕ್ಕೊಮ್ಮೆ ಬರುತ್ತಾಳೆ, ಹಾಸಿನ ಇನ್ನೊಂದು ತುದಿ ಹಿಡಿಯುತ್ತಾಳೆ, ಇಬ್ಬರೂ ತಮ್ಮ ನೋವುಗಳ ಬಗ್ಗೆ ಮುದುಕಿಯರ ಹಾಗೆ ಹರಟುತ್ತಾರೆ. ಕೆಲಸವಂತೂ ಕೆಡುತ್ತದೆ.

ಲೀಗಿನ ನಗರ ತಂಡ ವರ್ಷಕ್ಕೊಮ್ಮೆ ಯಾರು ಬೇಕಾದರೂ ಬರಬಹುದಾದ ಆಯ್ಕೆ ನಡೆಸುತ್ತದೆ. ಸನ್ಮಾನವಾದ ಮರುವರ್ಷದಿಂದ ಎಡಚಿ ಒಂದು ವರ್ಷವೂ ಅದನ್ನು ತಪ್ಪಿಸಿಲ್ಲ. ಅರ್ಜಿ ತುಂಬುತ್ತಾಳೆ, ಬೆನ್ನಿಗೆ ನಂಬರು ಅಂಟಿಸಿಕೊಳ್ಳುತ್ತಾಳೆ, ತನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಸಾಲಿನಲ್ಲಿ ನಿಲ್ಲುತ್ತಾಳೆ. ಈ ಸಲ ಅವಳಿಗೆ ಮೂವತ್ತೆಂಟು ವರ್ಷ. ಕೊನೆಯ ಇಪ್ಪತ್ತು ಜನರವರೆಗೂ ಉಳಿದಿದ್ದಳು. ಮರುದಿನ ಎರಡು ಬೆರಳು ಊದಿಸಿಕೊಂಡು, ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಬಂದಳು.

"ಹೇಗಾಯ್ತೇ?" ಎಂದೆ.

"ಒಬ್ಬಳು ಹುಡುಗಿ ಇದ್ಲು ಅಕ್ಕಾ, ಹೊಡೆಯೋಳು. ಹೆಸರು ಕೂಡ ಕೇಳ್ಲಿಲ್ಲ. ಏಳು ಚೆಂಡು ಎತ್ತಿಕೊಟ್ಟೆ, ಏಳೂ ಹೊಡೆದ್ಲು." ಅಷ್ಟು ಹೇಳಿ, ಹಸಿರು ನಿಲುವಂಗಿಗಳ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು.