ಹೊಸ್ತಿಲು ದಾಟುವ ತನಕ

ನಮ್ಮ ವಾರ್ಡಿನಲ್ಲಿ ನನಗೊಂದು ಅಡ್ಡಹೆಸರಿದೆ: ಮನೆಗೆ ಕಳಿಸೋ ಸಿಸ್ಟರ್. ಗುಣವಾದವರನ್ನು ಕಳಿಸಿ ಬಂದ ಹೆಸರಲ್ಲ ಅದು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು, "ಒಯ್ಯೋದಿದ್ರ ಇವತ್ತ ಒಯ್ರಿ, ನಾಳಿ ಅನಬ್ಯಾಡ್ರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ನಾನು. ಕೆಲವರು ಬೈಯುತ್ತಾರೆ. ಬೈಸಿಕೊಂಡು ಬೈಸಿಕೊಂಡು ಸಾಕಾಗಿದೆ. ಆದರೂ ಹೇಳುವುದನ್ನು ಬಿಟ್ಟಿಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ, ಹೊರಗೆ ಹೋದ ಜೀವವನ್ನು ಒಳಗೆ ತರುವುದಿಲ್ಲ. ಆಸ್ಪತ್ರೆಯಲ್ಲೋ ದಾರಿಯಲ್ಲೋ ಪ್ರಾಣ ಹೋದರೆ ಹೆಣ ಅಂಗಳದಲ್ಲೇ ಇರಬೇಕು, ಅಲ್ಲಿಂದಲೇ ಮಣ್ಣಿಗೆ. ಈಗೀಗ ಇದನ್ನು ಬಿಟ್ಟವರೂ ಇದ್ದಾರೆ. ನಮ್ಮ ಮನೆಯವರು ಬಿಟ್ಟಿರಲಿಲ್ಲ.

ಮೂರು ವರ್ಷದ ಹಿಂದೆ ಅವ್ವನನ್ನು ಬಳ್ಳಾರಿಯ ನಮ್ಮ ಆಸ್ಪತ್ರೆಯಿಂದ ನಮ್ಮೂರು ಕುರುಗೋಡಿಗೆ ಅಂಬುಲೆನ್ಸಿನಲ್ಲಿ ಒಯ್ಯುತ್ತಿದ್ದೆವು. ಇನ್ನೇನು ಊರು ಬಂತು ಅನ್ನುವಾಗ ಅವಳ ಉಸಿರು ನಿಂತಿತು. ನನ್ನ ತಮ್ಮ ಅಳುತ್ತಲೇ ಮನೆಗೆ ಫೋನು ಹಚ್ಚಿದ. ನಾವು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನದ ಕಂಬ ನಿಲ್ಲಿಸುತ್ತಿದ್ದರು. "ಹೊರಗ ಹೋದ ಜೀವ, ಒಳಗ ಬ್ಯಾಡ" ಎಂದರು ದೊಡ್ಡಪ್ಪ. ಅವ್ವನಿಗೆ ವಿಭೂತಿ ಹಚ್ಚಿ, ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದರು. ಅವಳು ದಿನಾ ತೊಳೆದು ಅರಿಶಿನ ಹಚ್ಚುತ್ತಿದ್ದ ಹೊಸ್ತಿಲು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಶಾಮಿಯಾನದ ಸಂದಿಯಿಂದ ಬಿಸಿಲು ಅವಳ ಮುಖಕ್ಕೆ ಬಿದ್ದಾಗ ನಾನು ಸೆರಗು ಅಡ್ಡ ಹಿಡಿದು ನಿಂತೆ. ಅವಳು ಸತ್ತದ್ದು ಒಂದು ದುಃಖ. ತನ್ನ ಮನೆಯ ಮುಂದೆಯೇ ಬಸ್ಸಿಗೆ ಕಾಯುವವಳ ಹಾಗೆ ಕೂತದ್ದು ಇನ್ನೊಂದು, ಮೊದಲಿನದಕ್ಕಿಂತ ದೊಡ್ಡದು. ಆ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಮೇಲೂ ಅಳು ಬರಲಿಲ್ಲ.

ಕೊನೆಗಾಲದ ರೋಗಿಯ ಜೊತೆ ಗಾಡಿ ಹತ್ತುವುದೆಂದರೆ ಮೊದಲೆಲ್ಲ ನಾವು ನರ್ಸುಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈಗ ನಾನೇ ಹತ್ತುತ್ತೇನೆ. ಬೆನ್ನು ನೋಯುತ್ತದೆ, ವಾಪಸ್ ಬರುವಾಗ ಗಾಡಿಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತೇನೆ. ಆದರೂ ಬೇರೆಯವರನ್ನು ಕಳಿಸಲು ಮನಸ್ಸು ಒಪ್ಪುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ಮುದುಕಿಯೊಬ್ಬಳು ನಮ್ಮ ವಾರ್ಡಿನಲ್ಲಿದ್ದಳು. ಆರೈಕೆಗೆ ಸೊಸೆ, ಭತ್ತದ ನಾಟಿಗೆ ಕೂಲಿ ಹೋಗುವ ಹೆಂಗಸು. ಇನ್ನು ಒಯ್ಯಿರಿ ಎಂದು ನಾನು ಹೇಳಿದಾಗ ಅವಳು ಬೈಯಲಿಲ್ಲ, ನನ್ನ ಕೈ ಹಿಡಿದುಕೊಂಡಳು.

"ಹೊಸ್ತಿಲ ದಾಟೋ ತನಕ ಜೀವ ಇರೋಹಂಗ ನೋಡ್ರಿ ಸಿಸ್ಟರ್, ಮತ್ತೇನೂ ಕೇಳಂಗಿಲ್ಲ. ಮದಿವಿ ಆದಾಗಿಂದ ಈಕಿ ನನಗ ಮನಿ ಬಿಟ್ಟು ಹೊರಗ ನಡಿ, ಹೊರಗ ನಡಿ ಅಂತಿದ್ಲು. ಈಗ ಈಕೀನ್ನ ಹೊರಗ ಹಾಕಿ ನಾ ಹೆಂಗ ಒಳಗ ಮಲಗ್ಲಿ?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬಂದಾಗ ಈ ಸೊಸೆ ಕೇಳಿದ್ದು ಇದು.

ಮಧ್ಯಾಹ್ನ ಹೊರಟೆವು. ಮುದುಕಿಯ ಮಗ ಮುಂದೆ ಡ್ರೈವರಿನ ಪಕ್ಕ ಕೂತ. ಮನೆ ಮುಟ್ಟುವ ತನಕ ಯಾರೂ ಫೋನು ಮುಟ್ಟಕೂಡದು ಎಂದು ಅವನಿಗೆ ಗದರಿಸಿಯೇ ಹೇಳಿದೆ. ಹಿಂದೆ ನಾನು, ಸೊಸೆ. ಮುದುಕಿಯ ಬಾಯಿಯ ಕೊಳವೆಗೆ ಸಿಕ್ಕಿಸಿದ ರಬ್ಬರಿನ ಚೀಲವನ್ನು ನಾನು ಅದುಮುತ್ತಿರಬೇಕು. ಅದುಮಿದಾಗಲೆಲ್ಲ ಗಾಳಿ ಹೋಗಿ ಎದೆ ಏಳುತ್ತದೆ. ಸೊಸೆ ಅತ್ತೆಯ ಪಾದ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದಳು.

ತೆಕ್ಕಲಕೋಟೆ ದಾಟಿದ ಮೇಲೆ ಕತ್ತಿನ ನಾಡಿ ಮುಟ್ಟಿದೆ. ಇರಲಿಲ್ಲ. ಮತ್ತೆ ಹುಡುಕಿದೆ, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದೆ. ಮುಗಿದಿತ್ತು.

ನಾನು ಚೀಲ ಅದುಮುವುದನ್ನು ನಿಲ್ಲಿಸಲಿಲ್ಲ. ಧೈರ್ಯ ಅಂತಲ್ಲ, ಕರುಣೆ ಅಂತಲೂ ಅಲ್ಲ. ಇನ್ನೊಂದು ಅಂಗಳ, ಇನ್ನೊಂದು ಶಾಮಿಯಾನ ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ, ಏನೂ ಕೇಳದೆ ಗಾಡಿ ಜೋರು ಮಾಡಿದ. ಸೊಸೆ ತಲೆ ತಗ್ಗಿಸಿ ಪಾದ ಉಜ್ಜುತ್ತಲೇ ಇದ್ದಳು.

ನಾವು ಹೊರಡುವ ಮೊದಲೇ ಸುದ್ದಿ ಹೋಗಿ, ಮನೆಯ ಮುಂದೆ ಓಣಿಯವರೆಲ್ಲ ನೆರೆದಿದ್ದರು. ಹಿರಿಯರೊಬ್ಬರು ಬಾಗಿಲಿಗೆ ಅಡ್ಡ ನಿಂತು ಕೇಳಿದರು: "ಜೀವ ಐತೇನವಾ?"

"ಐತ್ರಿ. ಲಗೂನ ಒಳಗ ತಗೊಳ್ರಿ" ಎಂದೆ.

ಸ್ಟ್ರೆಚರಿನ ಪಕ್ಕ ಚೀಲ ಅದುಮುತ್ತಲೇ ನಾನೂ ಹೊಸ್ತಿಲು ದಾಟಿದೆ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿಸಿದರು. ಕೊಳವೆ ತೆಗೆದೆ. ಮಗ ವಿಭೂತಿ ಹಚ್ಚಿದ, ಸೊಸೆ ತುಟಿಗೆ ನೀರು ಬಿಟ್ಟಳು. ನಾನು ಮಣಿಕಟ್ಟು ಹಿಡಿದು ಸ್ವಲ್ಪ ಹೊತ್ತು ಕೂತಿದ್ದು, "ಹೋದ್ರು" ಎಂದೆ. ಅಳು ಎದ್ದಿತು.

ಚೀಲ ಅದುಮಿ ಅದುಮಿ ಕೈ ಸೋತಿತ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತೆ. ಸೊಸೆ ತಂಬಿಗೆಯಲ್ಲಿ ನೀರು ತಂದು ನನ್ನ ಪಕ್ಕ ಕೂತಳು.

"ತೆಕ್ಕಲಕೋಟಿ ತಾವ ನೀವು ಟಾರ್ಚ್ ಹಾಕಿದಾಗ ನಾ ನಿಮ್ಮ ಮಾರಿ ನೋಡಿದ್ನಿರಿ" ಎಂದಳು ಮೆಲ್ಲಗೆ. "ಆಗ ಹೋದ್ಲು ಅಲ್ರಿ?"

ನಾನು ತಂಬಿಗೆ ಎತ್ತಿ ನೀರು ಕುಡಿದೆ.

ಅವಳು ನಾನು ಕೂತ ಕಟ್ಟೆಯನ್ನೂ ನನ್ನ ಮುಖವನ್ನೂ ನೋಡಿ ಕೇಳಿದಳು: "ನಿಮ್ಮ ಮನ್ಯಾಗ ಯಾರನ್ನ ಹೊರಗ ಕುಂದರ್ಸಿದ್ರರಿ?"

"ನಮ್ಮವ್ವನ್ನ" ಎಂದೆ.

ಅಷ್ಟೇ ಹೇಳಲು ಆದದ್ದು. ಅವ್ವ ಹೋದಾಗಿನಿಂದ ಬಾರದ ಅಳು ಅಲ್ಲಿ, ಗುರುತಿಲ್ಲದವರ ಮನೆಯ ಕಟ್ಟೆಯ ಮೇಲೆ ಬಂತು. ತಡೆಯಲು ಆಗಲಿಲ್ಲ. ಸೊಸೆ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಒಳಗೆ ಹೋಗುತ್ತಿದ್ದ ಓಣಿಯ ಅಜ್ಜಿಯೊಬ್ಬಳು ನಿಂತು ನನ್ನನ್ನು ನೋಡಿ, ಪಕ್ಕದವಳಿಗೆ ಹೇಳಿದಳು: "ನೋಡವಾ, ನರ್ಸಮ್ಮ ನಮ್ಮಾಕಿ ಸಲುವಾಗಿ ಎಷ್ಟು ಅಳಾಕತ್ಯಾಳ."